ಎರಡು ಗುಡ್ಡ, ನಡುವೆ ಸೂರ್ಯ: ಒಂದರಿಂದ ಮೂರನೇ ತರಗತಿ ಮಕ್ಕಳಿಗೆ ಚಿತ್ರ ಕಲಿಸುವುದು ಹೇಗೆ?

ಪ್ರಶ್ನೆ: ನಾನು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿಕಲಿ ಟೀಚರ್. ಒಂದು, ಎರಡು, ಮೂರನೇ ತರಗತಿಯ 34 ಮಕ್ಕಳು ಒಂದೇ ಕೋಣೆಯಲ್ಲಿ ಇದ್ದಾರೆ. ಚಿತ್ರ ತೆಗೀರಿ ಅಂದರೆ ಎಲ್ಲರದ್ದೂ ಒಂದೇ ಚಿತ್ರ: ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕದಲ್ಲಿ ತೆಂಗಿನ ಮರ. ಬೇರೆ ಏನಾದರೂ ತೆಗೀರಿ ಅಂದರೆ "ಟೀಚರ್, ನೀವೇ ತಗದು ತೋರಸ್ರಿ" ಅಂತಾರೆ. ನನಗೆ ಚಿತ್ರ ತೆಗೆಯಲು ಬರುವುದಿಲ್ಲ, ತರಬೇತಿಯೂ ಆಗಿಲ್ಲ. ಬಣ್ಣಕ್ಕೆ ದುಡ್ಡಿಲ್ಲ. ಓದು ಬರಹ ಬಿಟ್ಟು ಇದೇನು ಎಂದು ಪಾಲಕರು ಕೇಳುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಟೀಚರ್, ನಿಮಗೆ ಚಿತ್ರ ತೆಗೆಯಲು ಬರುವುದಿಲ್ಲ ಅನ್ನುವ ಚಿಂತೆ ಮೊದಲು ಬಿಡಿ. ಈ ವಯಸ್ಸಿನ ಮಕ್ಕಳಿಗೆ ಅದರಿಂದ ಏನೂ ನಷ್ಟ ಇಲ್ಲ. ನಾನು ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರನಾಗಿ ಕಲಬುರಗಿ ಸುತ್ತಮುತ್ತ ಕೆಲಸ ಮಾಡಿದ್ದೇನೆ. ನಾನು ಕಂಡಂತೆ ಸಣ್ಣ ಮಕ್ಕಳ ಕೈ ಕಟ್ಟಿಹಾಕಿದ್ದು ಜಾಸ್ತಿ ಚೆನ್ನಾಗಿ ಚಿತ್ರ ತೆಗೆಯುವ ಮಾಸ್ತರರೇ. ಹಲಗೆ ಮೇಲೆ ನಾವು ಒಂದು ಚಂದದ ಎತ್ತು ತೆಗೆದ ಕೂಡಲೇ ಆರು ವರ್ಷದ ಹುಡುಗನ ತಲೆಯಲ್ಲಿದ್ದ ಅವನ ಮನೆಯ ಎತ್ತು ಎದ್ದು ಹೋಗುತ್ತದೆ. ಆಮೇಲೆ ಅವನು ನಮ್ಮ ಎತ್ತನ್ನೇ ನಕಲು ಮಾಡುತ್ತಾನೆ. ಅದು ನಮ್ಮ ಹಾಗೆ ಬರುವುದಿಲ್ಲ. "ನಂಗ ಬರಂಗಿಲ್ರಿ" ಅಂತ ಪಾಟಿ ಕೆಳಗಿಡುತ್ತಾನೆ. ಹಾಗಾಗಿ ನನ್ನ ಮೊದಲ ಸಲಹೆ ಇಷ್ಟೇ: ಚಿತ್ರದ ಅವಧಿಯಲ್ಲಿ ನೀವು ಸೀಮೆಸುಣ್ಣ ಮುಟ್ಟಬೇಡಿ. ಕೇಳುವುದು, ನೋಡಿಸುವುದು, ಕೇಳಿಸಿಕೊಳ್ಳುವುದು, ಇವು ಮೂರು ನಿಮ್ಮ ಕೆಲಸ.

ಆ ಗುಡ್ಡದ ಚಿತ್ರದ ವಿಷಯಕ್ಕೆ ಬರೋಣ. ನಿಮ್ಮದು ಭೀಮಾ ನದಿ ಕಡೆಯ ಎರೆ ಭೂಮಿ. ಎತ್ತ ನೋಡಿದರೂ ತೊಗರಿ, ಹತ್ತಿ, ಜೋಳ, ನೆಲ ತಟ್ಟೆಯ ಹಾಗೆ ಸಪಾಟು. ಮಕ್ಕಳು ಎರಡು ಗುಡ್ಡದ ನಡುವೆ ಸೂರ್ಯ ಹುಟ್ಟುವುದನ್ನು ಎಲ್ಲಿ ನೋಡಿದರು? ಅಕ್ಕನ ನೋಟ್‌ಬುಕ್ಕಿನಲ್ಲಿ ನೋಡಿದರು, ಅಂಗಡಿಯಲ್ಲಿ ಸಿಗುವ ಬಣ್ಣ ತುಂಬುವ ಪುಸ್ತಕದಲ್ಲಿ ನೋಡಿದರು, ಅಂಗನವಾಡಿ ಗೋಡೆ ಮೇಲೆ ನೋಡಿದರು. ಅಂದರೆ ಅದು ಚಿತ್ರ ನೋಡಿ ಕಲಿತ ಚಿತ್ರ. ಅದನ್ನು ತೆಗೆದರೆ ಯಾರೂ ತಪ್ಪು ಅನ್ನುವುದಿಲ್ಲ ಅಂತ ಮಕ್ಕಳಿಗೆ ಗೊತ್ತು. ಅದಕ್ಕೇ ತೆಗೆಯುತ್ತಾರೆ. ಬೈಯಬೇಡಿ, ನಿಷೇಧ ಮಾಡಬೇಡಿ. ಹೇಳಲು ಬೇರೆ ವಿಷಯ ಸಿಕ್ಕಾಗ ಆ ಗುಡ್ಡ ತಾನಾಗಿಯೇ ಹಿಂದೆ ಸರಿಯುತ್ತದೆ.

ಈಗ ನಿಮ್ಮ ಮಕ್ಕಳು ಯಾವ ಹಂತದಲ್ಲಿದ್ದಾರೆ ಅನ್ನುವುದು ಸ್ವಲ್ಪ ಗೊತ್ತಿದ್ದರೆ ನಿಮಗೆ ಧೈರ್ಯ ಬರುತ್ತದೆ. ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಕಲಾ ಶಿಕ್ಷಕರು 1947ರಲ್ಲಿ ಮಕ್ಕಳ ಚಿತ್ರ ಬೆಳೆಯುವ ಹಂತಗಳನ್ನು ವಿವರವಾಗಿ ಬರೆದಿಟ್ಟರು. ಸುಮಾರು ಎರಡರಿಂದ ನಾಲ್ಕು ವರ್ಷದವರೆಗೆ ಗೀಚು. ನಾಲ್ಕರಿಂದ ಏಳರವರೆಗೆ ಮನುಷ್ಯ ಅಂದರೆ ಒಂದು ದೊಡ್ಡ ತಲೆ, ಅದರಿಂದಲೇ ಹೊರಟ ಕಾಲು. ವಸ್ತುಗಳು ಹಾಳೆ ತುಂಬ ಗಾಳಿಯಲ್ಲಿ ತೇಲುತ್ತವೆ. ಏಳರಿಂದ ಒಂಬತ್ತರ ಹೊತ್ತಿಗೆ ಮಗು ಹಾಳೆಯ ಕೆಳಗೆ ಒಂದು ಗೆರೆ ಎಳೆಯುತ್ತದೆ. ಅದು ನೆಲ. ಮನೆ, ಮರ, ಮನುಷ್ಯ ಎಲ್ಲ ಆ ಗೆರೆ ಮೇಲೆ ಸಾಲಾಗಿ ನಿಲ್ಲುತ್ತವೆ. ನಿಮ್ಮ ಕೋಣೆಯಲ್ಲಿ ಈ ಎರಡೂ ಥರದ ಮಕ್ಕಳು ಒಟ್ಟಿಗೆ ಕೂತಿದ್ದಾರೆ. ಒಂದನೇ ತರಗತಿಯ ಹುಡುಗಿಯ ಚಿತ್ರ ಮೂರನೇ ತರಗತಿಯ ಹುಡುಗನ ಚಿತ್ರದ ಹಾಗೆ ಇಲ್ಲ ಅಂತ ಹೋಲಿಸಬೇಡಿ. ಹಾಲಿನ ಹಲ್ಲು ಬೀಳುವುದಕ್ಕೆ ಹೇಗೆ ಒಂದು ಹೊತ್ತು ಇದೆಯೋ ಇದಕ್ಕೂ ಇದೆ.

ಇನ್ನೊಂದು ಮುಖ್ಯ ಮಾತು. ಮಗು ಕಣ್ಣಿಗೆ ಕಂಡಿದ್ದನ್ನು ಮಾತ್ರ ತೆಗೆಯುವುದಿಲ್ಲ, ತನಗೆ ಗೊತ್ತಿರುವುದನ್ನೂ ಮನಸ್ಸಿಗೆ ತಟ್ಟಿದ್ದನ್ನೂ ತೆಗೆಯುತ್ತದೆ. ಒಮ್ಮೆ ಒಂದು ಹಳ್ಳಿ ಶಾಲೆಯಲ್ಲಿ ಎರಡನೇ ತರಗತಿಯ ಹುಡುಗಿ ಅವ್ವನ ಚಿತ್ರ ತೆಗೆದಿದ್ದಳು. ತಲೆ ಲಿಂಬೆಹಣ್ಣಿನಷ್ಟು. ಕಾಲು ಎರಡು ಕಡ್ಡಿ. ಕೈ ಮಾತ್ರ ಹಾಳೆಯ ಈ ತುದಿಯಿಂದ ಆ ತುದಿಗೆ. ಅಂಗೈ ಮೊರದಷ್ಟು ಅಗಲ, ಹತ್ತೂ ಬೆರಳು ಬಿಡಿಸಿ ಎಣಿಸಿ ತೆಗೆದಿದ್ದಾಳೆ. ಎರಡು ಅಂಗೈಗಳ ನಡುವೆ ಒಂದು ದುಂಡು. ಪಕ್ಕದಲ್ಲಿದ್ದ ಟೀಚರ್ "ಕೈ ಯಾಕೆ ಇಷ್ಟು ದೊಡ್ಡದು, ಅಳಿಸಿ ಸಣ್ಣದು ಮಾಡು" ಅಂದರು. ನಾನು ತಡೆದು, ಇದು ಏನು ಹೇಳವ್ವ ಅಂತ ಕೇಳಿದೆ. "ನಮ್ಮವ್ವ ರೊಟ್ಟಿ ಬಡೀಲಾಕತ್ತಾಳ್ರಿ" ಅಂದಳು. ಆಮೇಲೆ ತಾನೇ ನೆಲದ ಮೇಲೆ ಪಟಪಟ ಬಡಿದು ತೋರಿಸಿದಳು. ಜೋಳದ ರೊಟ್ಟಿ ಬಡಿಯುವವಳ ಮುಂದೆ ಕುಕ್ಕರಗಾಲಲ್ಲಿ ಕೂತ ಮಗುವಿಗೆ ಏನು ಕಾಣುತ್ತದೆ ಹೇಳಿ? ಕೈಯೇ ಕಾಣುತ್ತದೆ, ಸದ್ದೂ ಕೈಯದ್ದೇ. ಆ ಹುಡುಗಿ ಅಳತೆ ತಪ್ಪಿರಲಿಲ್ಲ, ಯಾವುದು ದೊಡ್ಡದೋ ಅದನ್ನು ದೊಡ್ಡದಾಗಿ ತೆಗೆದಿದ್ದಳು. ಈ ಥರ ಹಿಗ್ಗಿಸಿ ತೆಗೆಯುವುದು, ಗೋಡೆ ಇದ್ದರೂ ಮನೆ ಒಳಗಿನ ಗ್ಯಾಸ್ ಒಲೆ, ತೊಟ್ಟಿಲು ಎಲ್ಲ ಕಾಣುವ ಹಾಗೆ ತೆಗೆಯುವುದು, ಬಂಡಿಯ ಎರಡು ಗಾಲಿಯನ್ನೂ ಒಂದೇ ಕಡೆಯಿಂದ ತೋರಿಸುವುದು, ಇವೆಲ್ಲ ಈ ವಯಸ್ಸಿನ ಆರೋಗ್ಯದ ಗುರುತು. ತಿದ್ದಬೇಡಿ.

ತಿದ್ದಬೇಡಿ ಅಂತ ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ಕಾರಣ ಇದೆ. ನಾನು ಮೂರನೇ ತರಗತಿಯಲ್ಲಿ ಇದ್ದಾಗ ಜಾತ್ರೆಯ ತೇರು ತೆಗೆದಿದ್ದೆ. ತೇರಿಗಿಂತ ಹಗ್ಗ ದೊಡ್ಡದು, ಹಗ್ಗ ಹಿಡಿದ ಜನ ಹಾಳೆ ಸಾಲದೆ ಅಂಚಿನಲ್ಲಿ ತಿರುಗಿ ಮೇಲೆ ಹೋಗಿದ್ದರು. ನನ್ನ ಮಾಸ್ತರರು ಕೆಂಪು ಮಸಿ ಪೆನ್ನಿನಿಂದ ಅದರ ಮೇಲೆಯೇ ಸರಿಯಾದ ತೇರು ತೆಗೆದು ಕೊಟ್ಟರು. ಅವರು ಕೆಟ್ಟವರಲ್ಲ, ಪ್ರೀತಿಯಿಂದಲೇ ಮಾಡಿದರು. ಆದರೆ ಆ ಹಾಳೆಯಲ್ಲಿ ನನ್ನ ಜನ ಎಲ್ಲ ಕೆಂಪು ಗೆರೆಯ ಕೆಳಗೆ ಸಿಕ್ಕಿಕೊಂಡಿದ್ದು ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ. ಹೈಸ್ಕೂಲಿಗೆ ಬರುವವರೆಗೆ ನಾನು ಮತ್ತೆ ತೇರು ತೆಗೆಯಲಿಲ್ಲ. ಮಗುವಿನ ಹಾಳೆ ಮೇಲೆ ನಮ್ಮ ಪೆನ್ನು ಆಡಬಾರದು. ಹೆಸರು, ತಾರೀಖು ಬರೆಯುವುದಿದ್ದರೂ ಹಿಂದೆ ಬರೆಯಿರಿ.

ಸರಿ, ಸೀಮೆಸುಣ್ಣ ಮುಟ್ಟದೆ ಅವಧಿ ನಡೆಸುವುದು ಹೇಗೆ? ಮಾತಿನಿಂದ ಶುರು ಮಾಡಿ. "ಎತ್ತು ತೆಗೀರಿ" ಅಂದರೆ ನಕಲು ಎತ್ತು ಬರುತ್ತದೆ. ಕಾರ ಹುಣ್ಣಿಮೆ ಮರುದಿನ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕೇಳಿ. ನಿನ್ನೆ ನಿಮ್ಮನ್ಯಾಗ ಎತ್ತಿನ ಮೈ ಯಾರು ತೊಳೆದರು? ಕೊಂಬಿಗೆ ಯಾವ ಬಣ್ಣ? ಬಣ್ಣ ಹಚ್ಚುವಾಗ ಸುಮ್ನೆ ನಿಂತಿತ್ತಾ, ತಲೆ ಕೊಡವಿತಾ? ಕೊರಳಲ್ಲಿ ಗೆಜ್ಜೆ ಇತ್ತಾ, ಬೆನ್ನ ಮೇಲೆ ಜೂಲ ಇತ್ತಾ? ನೀನು ಎಲ್ಲಿ ನಿಂತಿದ್ದೆ? ಎತ್ತು ಇಲ್ಲದ ಮನೆಯ ಮಕ್ಕಳಿಗೆ, ಯಾರ ಮನೆ ಎತ್ತು ನೋಡಲು ಹೋಗಿದ್ದೆ, ಅಲ್ಲಿ ಯಾರು ಇದ್ದರು ಅಂತ ಕೇಳಿ. ಹತ್ತು ನಿಮಿಷ ಇದೇ ಮಾತು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಹೇಳಲು ಶುರು ಮಾಡಿದ ಗಳಿಗೆಗೆ ಹಾಳೆ ಕೊಡಿ. ಅದಕ್ಕಿಂತ ಮೊದಲು ಕೊಡಬೇಡಿ, ಮಾತು ಆರಿದ ಮೇಲೂ ಕೊಡಬೇಡಿ. ಈ ಹೊತ್ತು ಹಿಡಿಯುವುದು ಎರಡು ಮೂರು ವಾರದಲ್ಲಿ ನಿಮಗೆ ತಾನಾಗಿಯೇ ಬರುತ್ತದೆ. ರೊಟ್ಟಿ ಯಾವಾಗ ಮಗುಚಬೇಕು ಅಂತ ಕೈಗೆ ಗೊತ್ತಾಗುವ ಹಾಗೆ.

ವಿಷಯ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಹೊತ್ತುಕೊಂಡು ಹೋಗಿ ಚರಗ ಚೆಲ್ಲಿದ್ದು. ತೊಗರಿ ರಾಶಿ ಮಾಡುವ ಮಷಿನ್ನು ಮತ್ತು ಅದರ ಧೂಳು. ಸಂತೆಯಲ್ಲಿ ಅಪ್ಪನ ಕೈ ಬಿಟ್ಟುಹೋದದ್ದು. ಟೆಂಪೊದಲ್ಲಿ ಒತ್ತಿಕೊಂಡು ಕೂತು ಮದುವೆಗೆ ಹೋಗಿದ್ದು. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಬಂದಾಗ ಕೊಡಗಳ ಸಾಲು. ನಿಮ್ಮ ಕಡೆ ದುಡಿಯಲು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಹೋಗಿ ಬರುವ ಮನೆಗಳು ಇರುತ್ತವೆ. ಆ ಮಕ್ಕಳು ನಡುವೆ ಶಾಲೆ ಬಿಟ್ಟು ಮತ್ತೆ ಬರುತ್ತಾರೆ. ಅವರನ್ನು "ಅಲ್ಲಿ ನೀವು ಇದ್ದ ಜಾಗ ತೋರಿಸು" ಅಂತ ಒಮ್ಮೆ ಕೇಳಿ ನೋಡಿ. ಕಟ್ಟುತ್ತಿರುವ ಹತ್ತು ಮಹಡಿ ಕಟ್ಟಡ, ಅದರ ಬುಡದಲ್ಲಿ ತಗಡಿನ ಒಂದು ಸಣ್ಣ ಶೆಡ್ಡು, ಶೆಡ್ಡಿನೊಳಗೆ ಐದು ಜನ. ಬಾಯಲ್ಲಿ ಹೇಳದ್ದನ್ನು ಆ ಮಕ್ಕಳು ಹಾಳೆ ಮೇಲೆ ಹೇಳುತ್ತಾರೆ. ಹೇಳಿದಾಗ ಪೂರ್ತಿ ಕೇಳಿಸಿಕೊಳ್ಳಿ, ಎಲ್ಲರ ಮುಂದೆ ಹಿಡಿದು ತೋರಿಸುವ ಮೊದಲು ಆ ಮಗುವನ್ನು ಕೇಳಿ.

ಭಾಷೆಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಭಾಗದ ಒಂದೇ ಕೋಣೆಯಲ್ಲಿ ಮನೆಯಲ್ಲಿ ಕನ್ನಡ ಆಡುವ ಮಗು, ಉರ್ದು ಆಡುವ ಮಗು, ತಾಂಡಾದಿಂದ ಬಂದ ಲಂಬಾಣಿ ಮಗು, ಗಡಿಯ ಕಡೆಗಾದರೆ ಮರಾಠಿ, ತೆಲುಗು ಮಗು ಎಲ್ಲ ಇರುತ್ತಾರೆ. ಒಂದನೇ ತರಗತಿಗೆ ಬಂದ ತಾಂಡಾದ ಮಗುವಿಗೆ ಪುಸ್ತಕದ ಕನ್ನಡ ಹೊಸ ಭಾಷೆ. ಆರು ತಿಂಗಳು ಮಾತೇ ಆಡದೆ ಕೂರುವ ಮಕ್ಕಳನ್ನು ನೀವೂ ನೋಡಿರಬೇಕು. ಆ ಮಗು ಅಜ್ಜಿಯ ಕಸೂತಿಯ ಗಾಜಿನ ಚೂರು, ಕವಡೆ, ತ್ರಿಕೋನದ ಸಾಲು ನೋಡುತ್ತ ಬೆಳೆದಿದೆ. ಅದಕ್ಕೆ ಒಂದು ಖಡು, ಅಂದರೆ ಸೀಮೆಸುಣ್ಣ, ಕೊಟ್ಟು ನೆಲದ ಮೇಲೆ ಬಿಡಿ, ಉಳಿದವರೆಲ್ಲ ಸುತ್ತ ಬಂದು ನಿಲ್ಲುವಂಥ ಸಾಲು ಸಾಲು ವಿನ್ಯಾಸ ಹಾಕುತ್ತದೆ. ಆ ದಿನ ಕೋಣೆಯಲ್ಲಿ ಎಲ್ಲರಿಗಿಂತ ಜಾಣೆ ಅವಳೇ.

ಇನ್ನು ಸಾಮಾನಿನ ವಿಷಯ. ದುಡ್ಡಿಲ್ಲ ಅಂದಿರಿ. ನಿಮ್ಮ ಶಾಲೆಯ ನೆಲಕ್ಕೆ ಬಹುಶಃ ಶಹಾಬಾದಿ ಫರಸಿ ಹಾಕಿರುತ್ತಾರೆ. ಅದಕ್ಕಿಂತ ಒಳ್ಳೆಯ ಹಾಳೆ ಬೇಕಾ? ಬೂದಿ ಬಣ್ಣದ ತಣ್ಣಗಿನ ಕಲ್ಲು, ಅದರ ಮೇಲೆ ಬಿಳಿ ಸೀಮೆಸುಣ್ಣ ಚೆನ್ನಾಗಿ ಎದ್ದು ಕಾಣುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಹೊಸ ಹಾಳೆ. ಒಬ್ಬೊಬ್ಬರಿಗೆ ಒಂದೊಂದು ಫರಸಿ ಹಂಚಿ ಕೊಡಿ. ಫರಸಿಯ ಅಂಚೇ ಚೌಕಟ್ಟು ಆಗುತ್ತದೆ. ನಲಿಕಲಿ ಕೋಣೆಯ ಗೋಡೆಗೆ ಮಕ್ಕಳ ಎತ್ತರಕ್ಕೆ ಹಲಗೆ ಇದ್ದೇ ಇದೆ. ಅಳಿಸಿಹೋಗುವ ಜಾಗದಲ್ಲಿ ಮಗುವಿಗೆ ಹೆದರಿಕೆ ಇರುವುದಿಲ್ಲ, ಕೈ ಭುಜದಿಂದ ಆಡುತ್ತದೆ. ಸಣ್ಣ ಹಾಳೆಯಲ್ಲಿ ಬರೀ ಬೆರಳು ಆಡುತ್ತದೆ. ಅದಕ್ಕೆ ಮೊದಲ ತಿಂಗಳು ಪೂರ್ತಿ ನೆಲ ಮತ್ತು ಗೋಡೆ ಮೇಲೆಯೇ ನಡೆಯಲಿ.

ಕಾಗದ ಬೇಕಾದಾಗ ಮದುವೆ ಕಾರ್ಡಿನ ಹಿಂಭಾಗ, ಕ್ಯಾಲೆಂಡರ್ ಹಿಂಭಾಗ, ಝೆರಾಕ್ಸ್ ಅಂಗಡಿಯಲ್ಲಿ ಒಂದೇ ಕಡೆ ಅಚ್ಚಾಗಿ ಕೆಟ್ಟ ಹಾಳೆ. ಬಣ್ಣಕ್ಕೆ ಮೇಣದ ಕ್ರೆಯಾನ್ ಒಂದೇ ಡಬ್ಬಿ ಸಾಕು, ಆದರೆ ಅದನ್ನು ಮುರಿದು, ಕಾಗದ ಸುಲಿದು ಕೊಡಿ. ಅಂಗುಲದಷ್ಟು ಸಣ್ಣ ತುಂಡನ್ನು ಮಗು ಮೂರು ಬೆರಳಲ್ಲೇ ಹಿಡಿಯಬೇಕಾಗುತ್ತದೆ, ಉದ್ದ ಕಡ್ಡಿಯ ಹಾಗೆ ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ. ಅದೇ ಹಿಡಿತ ನಾಳೆ ಪೆನ್ಸಿಲ್ಲಿಗೆ ಬರುತ್ತದೆ. ತುಂಡನ್ನು ಅಡ್ಡ ಮಲಗಿಸಿ ಎಳೆದರೆ ಅಗಲವಾದ ಬಣ್ಣದ ಪಟ್ಟೆ ಬರುತ್ತದೆ. ಕಪ್ಪಿಗೆ ಒಲೆಯ ಇದ್ದಿಲು.

ಬಣ್ಣ ಮಾಡುವುದನ್ನೇ ಒಂದು ಅವಧಿ ಮಾಡಿ, ಮಕ್ಕಳು ಮರೆಯುವುದಿಲ್ಲ. ಜಾಲಿ ಗೋಂದನ್ನು ರಾತ್ರಿ ನೀರಲ್ಲಿ ನೆನೆಹಾಕಿ ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ. ಕೆಮ್ಮಣ್ಣನ್ನು ನುಣ್ಣಗೆ ಅರೆದು ಆ ಗೋಂದಿನ ನೀರಲ್ಲಿ ಕಲಸಿದರೆ ಕೆಂಪು. ಇದ್ದಿಲ ಪುಡಿ ಕಲಸಿದರೆ ಕಪ್ಪು. ಗೋಂದು ಇಲ್ಲದೆ ಬರೀ ನೀರಲ್ಲಿ ಕಲಸಿದರೆ ಒಣಗಿದ ಮೇಲೆ ಕೈಗೆ ಉದುರುತ್ತದೆ. ಎರಡನ್ನೂ ಮಾಡಿ ಮಕ್ಕಳ ಕೈಯಲ್ಲೇ ಉಜ್ಜಿಸಿ ನೋಡಿಸಿ. ಗೋಂದಿನ ನೀರು ಎರಡು ದಿನಕ್ಕೆ ವಾಸನೆ ಬರುತ್ತದೆ, ಬೇಕಾದಷ್ಟೇ ಮಾಡಿಕೊಳ್ಳಿ. ಕುಂಚಕ್ಕೆ ಬೇವಿನ ಕಡ್ಡಿ, ತುದಿ ಜಜ್ಜಿದರೆ ನಾರು ಬಿಡುತ್ತದೆ.

ಮತ್ತೆ ಅರಿಶಿನದ ಆಟ. ಬಿಳಿ ಹಾಳೆಗೆ ಅರಿಶಿನದ ನೀರು ಬಳಿದು ಒಣಗಿಸಿ. ಆಮೇಲೆ ಬಟ್ಟೆ ಸೋಪು ಕರಗಿಸಿದ ನೀರನ್ನು ಕಡ್ಡಿಯಲ್ಲಿ ಅದ್ದಿ ಅದರ ಮೇಲೆ ಗೆರೆ ಎಳೆಯಲು ಹೇಳಿ. ಹಳದಿ ಮೇಲೆ ಕೆಂಪು ಗೆರೆ ಮೂಡುತ್ತದೆ. ಲಿಂಬೆರಸ ತಾಗಿಸಿದರೆ ಆ ಕೆಂಪು ಮತ್ತೆ ಹಳದಿ. ಅರಿಶಿನಕ್ಕೆ ಸುಣ್ಣ ಬೆರೆತರೆ ಕೆಂಪಾಗುವುದನ್ನು ಮನೆಯಲ್ಲಿ ನೋಡಿದ ಮಕ್ಕಳು ಕೂಡಲೇ ಹೇಳುತ್ತಾರೆ. ಆದರೆ ಸುಣ್ಣವನ್ನು ಅವರ ಕೈಗೆ ಕೊಡಬೇಡಿ, ಕಣ್ಣಿಗೆ ಬಿದ್ದರೆ ಅಪಾಯ, ಸೋಪಿನ ನೀರೇ ಸಾಕು. ಹೋಳಿಯಲ್ಲಿ ಉಳಿದ ಬಣ್ಣವನ್ನೂ ತರಿಸಬೇಡಿ. ಅದರಲ್ಲಿ ಏನು ಬೆರೆತಿದೆ ಅಂತ ಹೇಳಲು ಬರುವುದಿಲ್ಲ, ಸಣ್ಣ ಮಕ್ಕಳ ಕೈ ಯಾವಾಗಲೂ ಬಾಯಿಗೆ ಹೋಗುತ್ತಿರುತ್ತದೆ.

ಮಣ್ಣಿನ ಕೆಲಸಕ್ಕೆ ನಮ್ಮ ಭಾಗದಲ್ಲಿ ಹಬ್ಬವೇ ಇದೆ. ಕಾರ ಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೇ ಬರುತ್ತದೆ. ಮನೆಯಲ್ಲಿ ಎತ್ತು ಮಾಡುವುದನ್ನು ನೋಡಿದ ಮಕ್ಕಳಿಗೆ ನೀವು ಕಲಿಸುವುದು ಏನೂ ಇಲ್ಲ, ಮಣ್ಣು ಹದ ಮಾಡಿ ಕೊಟ್ಟರೆ ಸಾಕು. ಆ ಹದದಲ್ಲಿ ಮಾತ್ರ ಎಚ್ಚರ ಬೇಕು. ನಮ್ಮ ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದು ಅದಕ್ಕೇ ಅಲ್ವಾ? ಬರೀ ಎರೆ ಮಣ್ಣಲ್ಲಿ ಮಾಡಿದ ಎತ್ತು ಮರುದಿನಕ್ಕೆ ಕಾಲು ಮುರಿದು ಬಿದ್ದಿರುತ್ತದೆ, ಮಗು ಅಳುತ್ತದೆ. ಸೋಸಿದ ಸಣ್ಣ ಮರಳು ಸ್ವಲ್ಪ, ನುಣ್ಣಗೆ ಪುಡಿ ಮಾಡಿದ ಹೊಟ್ಟು ಸ್ವಲ್ಪ ಬೆರೆಸಿ ಚೆನ್ನಾಗಿ ತುಳಿದು ನಾದಿ. ಒಂದು ರಾತ್ರಿ ಒದ್ದೆ ಗೋಣಿಚೀಲ ಮುಚ್ಚಿಡಿ. ಬೆರಳಿಗೆ ಅಂಟಬಾರದು, ಬತ್ತಿ ಹೊಸೆದು ಬೆರಳಿಗೆ ಸುತ್ತಿದರೆ ಬಿರಿಯಬಾರದು, ಅದೇ ಹದ. ಒಣಗಿಸುವುದು ನೆರಳಲ್ಲಿ, ಬಿಸಿಲಿಗೆ ಇಟ್ಟರೆ ಹೊರಗೆ ಬೇಗ ಒಣಗಿ ಸೀಳುತ್ತದೆ.

ಸಣ್ಣ ಮಕ್ಕಳಿಗೆ ಕಾಲು, ಕೊಂಬು ಬೇರೆ ಮಾಡಿ ಅಂಟಿಸಲು ಹೇಳಬೇಡಿ. ಒಂದೇ ಉಂಡೆಯಿಂದ ಕಾಲನ್ನೂ ತಲೆಯನ್ನೂ ಎಳೆದು ತೆಗೆಯಲಿ. ಅಂಟಿಸಲೇಬೇಕು ಅಂದರೆ ಎರಡೂ ಕಡೆ ಕಡ್ಡಿಯಿಂದ ಗೀರಿ, ಕೆಸರು ಹಚ್ಚಿ ಒತ್ತಬೇಕು. ಹಾಳೆ ಮೇಲೆ ಎತ್ತು ಬರಲ್ಲ ಅನ್ನುವ ಮಗು ಮಣ್ಣಿನಲ್ಲಿ ಆರಾಮಾಗಿ ಮಾಡುತ್ತದೆ, ಮಾಡಿದ ಮೇಲೆ ಹಾಳೆಯಲ್ಲೂ ಬರುತ್ತದೆ. ಡುಬ್ಬ ಎಲ್ಲಿ ಏಳುತ್ತದೆ, ಗಂಗೆದೊಗಲು ಎಲ್ಲಿ ಜೋಲುತ್ತದೆ ಅಂತ ಬೆರಳಿಗೆ ಗೊತ್ತಾಗಿರುತ್ತದೆ. ಸುಗ್ಗಿಯ ಹೊತ್ತಿಗೆ ಇದೇ ಥರ ಜೋಳದ ದಂಟು. ಸಿಪ್ಪೆ ಸುಲಿದು ಒಳಗಿನ ಬೆಂಡಿಗೆ ಚುಚ್ಚಿ ಬಂಡಿ, ಕನ್ನಡಕ, ಮಂಚ ಮಾಡುವುದು ಊರ ಅಜ್ಜಂದಿರಿಗೆಲ್ಲ ಗೊತ್ತು. ಒಬ್ಬ ಅಜ್ಜನನ್ನು ಶಾಲೆಗೆ ಕರೆಯಿರಿ. ದಂಟಿನ ಸಿಪ್ಪೆ ಬ್ಲೇಡಿನ ಹಾಗೆ ಕೊಯ್ಯುತ್ತದೆ, ಒಂದನೇ ತರಗತಿಯವರಿಗೆ ಸುಲಿದೇ ಕೊಡಿ.

ಮಕ್ಕಳಿಗೆ ದೊಡ್ಡವರ ಕಲೆಯನ್ನೂ ತೋರಿಸಬೇಕು. ಅದು ನಮ್ಮ ಕೈಯಳತೆಯಲ್ಲೇ ಇದೆ. ಶಾಲಾ ಪ್ರವಾಸ ಅಂದರೆ ದೂರದ ಊರೇ ಆಗಬೇಕಾ? ಭೀಮಾ ದಂಡೆಯ ಸನ್ನತಿ ನಿಮಗೆ ಹತ್ತಿರ. ಅಲ್ಲಿ ಕನಗನಹಳ್ಳಿಯ ಬೌದ್ಧ ಸ್ತೂಪದ ಕಲ್ಲುಗಳಲ್ಲಿ ಸಾಮ್ರಾಟ ಅಶೋಕನನ್ನು ಕೆತ್ತಿದ್ದಾರೆ, "ರಾಯೋ ಅಸೋಕೋ" ಎಂದು ಬ್ರಾಹ್ಮಿಯಲ್ಲಿ ಹೆಸರೂ ಇದೆ. ಚಿತ್ರ ತೆಗೆದು ಕೆಳಗೆ ಹೆಸರು ಬರೆಯುವುದು, ನಿಮ್ಮ ಮಕ್ಕಳು ಮಾಡುವುದೂ ಅದನ್ನೇ. ಇಲ್ಲಿ ಎಷ್ಟು ಜನ ಇದ್ದಾರೆ, ರಾಜ ಯಾರು, ಹೇಗೆ ಗೊತ್ತಾಯಿತು ಅಂತ ಕೇಳಿ ಸುಮ್ನೆ ನಿಲ್ಲಿ. ಇತಿಹಾಸದ ಪಾಠ ಬೇಡ.

ಬೀದರ್ ಕಡೆ ಹೋದರೆ ಬಿದ್ರಿ ಕೆಲಸ ನೋಡಿಸಿ. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಗೆ ಮೊದಲು ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡಿಕೊಳ್ಳುತ್ತಾರೆ, ಆ ಕಪ್ಪಿನ ಮೇಲೆ ಚೂಪು ಮೊನೆಯಿಂದ ಹೂ ಬಳ್ಳಿ ಗೀರುತ್ತಾರೆ. ಕುಶಲ ಕೈ ಅಚ್ಚು ಇಡದೆ, ಅಳತೆಪಟ್ಟಿ ಹಿಡಿಯದೆ ಬಳ್ಳಿ ಎಳೆಯುವುದನ್ನು ಮಕ್ಕಳು ಹತ್ತಿರದಿಂದ ನೋಡಬೇಕು. ಆಮೇಲೆ ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಬಳಸಿ ಪಾತ್ರೆಗೆ ಉಳಿಯುವ ಕಪ್ಪು ಬಣ್ಣ ಬರಿಸುತ್ತಾರೆ. 2023ರಲ್ಲಿ ಇದೇ ಕಲೆಗಾಗಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಕಲಬುರಗಿಯಲ್ಲೇ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರಗಳಿಂದ ದೇಶಕ್ಕೇ ಗೊತ್ತಾದರು. ನಮ್ಮೂರಿನವರು ಚಿತ್ರ ತೆಗೆದು ಬಾಳಿದರು ಅಂತ ಪಾಲಕರಿಗೂ ಹೇಳಿ, ಅವರಿಗೆ ಅದು ನಾಟುತ್ತದೆ.

ಪಾಲಕರ ಪ್ರಶ್ನೆ ನ್ಯಾಯವಾದದ್ದೇ. ಕೂಲಿ ಮಾಡಿ ಮಗುವನ್ನು ಶಾಲೆಗೆ ಕಳಿಸುವವರು ಅಕ್ಷರ ಬರಲಿ ಅಂತ ಕಳಿಸುತ್ತಾರೆ. ಅವರಿಗೆ ಭಾಷಣದಿಂದ ಉತ್ತರ ಕೊಡಬೇಡಿ, ಹಾಳೆಯಿಂದ ಕೊಡಿ. ಮಗು ಚಿತ್ರ ತೆಗೆದ ಮೇಲೆ ಪಕ್ಕದಲ್ಲಿ ಕೂತು "ಇದರ ಕತೆ ಹೇಳು" ಅನ್ನಿ. ಅದು ಹೇಳಿದ್ದನ್ನು ಅದೇ ಮಾತಲ್ಲಿ ಹಿಂದೆ ಬರೆಯಿರಿ. "ನಮ್ಮ ಎಮ್ಮಿ ಕರಾ ಹಾಕ್ಯಾದ" ಅಂದರೆ ಹಾಗೇ ಬರೆಯಿರಿ, ಗ್ರಂಥದ ಕನ್ನಡಕ್ಕೆ ತಿದ್ದಬೇಡಿ. ಆಮೇಲೆ ಬೆರಳಿಟ್ಟು ಓದಿ ಹೇಳಿ. ತನ್ನದೇ ಮಾತು ಅಕ್ಷರ ಆಗಿದ್ದನ್ನು ಕಂಡ ಮಗು ಮೂರನೇ ಸಲಕ್ಕೆ ತಾನೇ ಓದುತ್ತದೆ, ಎರಡನೇ ತರಗತಿಗೆ ಬರುವಷ್ಟರಲ್ಲಿ ತಾನೇ ಬರೆಯುತ್ತದೆ. ದಿನಕ್ಕೆ ನಾಲ್ಕೈದು ಮಕ್ಕಳಿಗೆ ಹೀಗೆ ಮಾಡಿದರೆ ವಾರ ಒಂದೂವರೆಯಲ್ಲಿ 34 ಮಕ್ಕಳೂ ಮುಗಿಯುತ್ತಾರೆ. ಹಾಳೆಗಳನ್ನು ನಲಿಕಲಿ ಚಪ್ಪರಕ್ಕೆ, ಅಂದರೆ ತಲೆ ಮೇಲೆ ಕಟ್ಟಿದ ದಾರಗಳಿಗೆ, ತೂಗುಹಾಕಿ. ಚೆನ್ನಾಗಿರುವ ಐದು ಮಾತ್ರ ಅಂತ ಆರಿಸಬೇಡಿ, ಎಲ್ಲರದ್ದೂ ಹಾಕಿ. ಪಾಲಕರ ಸಭೆಯ ದಿನ ಜೂನ್ ತಿಂಗಳ ಹಾಳೆ ಮತ್ತು ಈಗಿನ ಹಾಳೆ ಅಕ್ಕಪಕ್ಕ ಇಟ್ಟು, ಹಿಂದೆ ಬರೆದಿದ್ದನ್ನು ಮಗುವಿನಿಂದಲೇ ಓದಿಸಿ.

ಅಂಕ, ಮೊದಲು, ಎರಡನೇ ಸ್ಥಾನ ಬೇಡವೇ ಬೇಡ. ಪ್ರತಿಭಾ ಕಾರಂಜಿ ಬಂತು ಅಂದರೆ ಒಂದೇ ಚಿತ್ರವನ್ನು ಹದಿನೈದು ದಿನ ಬಾಯಿಪಾಠದ ಹಾಗೆ ತಿಕ್ಕಿಸುವುದನ್ನು ನಾನು ಕಂಡಿದ್ದೇನೆ, ಆ ಗುಡ್ಡ ಸೂರ್ಯ ಅಲ್ಲಿಂದಲೂ ಬರುತ್ತವೆ. ಮಗುವನ್ನು ಕಳಿಸಿ, ತರಬೇತಿ ಕೊಡದೆ ಕಳಿಸಿ. ಬಹುಮಾನ ಬರದಿದ್ದರೆ ಏನೂ ಆಗುವುದಿಲ್ಲ. ಹೊಗಳುವಾಗಲೂ ಬರೀ "ಚಂದ ಅದ" ಅನ್ನಬೇಡಿ. ಕಂಡಿದ್ದನ್ನು ಹೇಳಿ: "ಬೇಲಿಗೆ ಎಷ್ಟು ಮುಳ್ಳು ಹಾಕಿದ್ದೀಯ! ಆಡಿನ ಕಿವಿ ಕೆಳಗೆ ಬಾಗಿದ್ದನ್ನು ನೋಡಿದ್ದೀಯ." ನೀವು ನಿಜವಾಗಿ ನೋಡಿದಿರಿ ಅಂತ ಮಗುವಿಗೆ ಗೊತ್ತಾಗುತ್ತದೆ.

ಡ್ರಾಯಿಂಗ್ ಮಾಸ್ತರನ್ನು ಕೊಡಲಿ ಅಂತ ಕಾಯುತ್ತ ಕೂರಬೇಡಿ ಅಂತಲೂ ಹೇಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪರಿಶಿಷ್ಟದಲ್ಲಿ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಅಂತ ಇರುವುದು ಆರರಿಂದ ಎಂಟನೇ ತರಗತಿಗೆ, ಅದೂ ಮಕ್ಕಳು 100ಕ್ಕಿಂತ ಜಾಸ್ತಿ ಇದ್ದರೆ. ಒಂದರಿಂದ ಐದಕ್ಕೆ ಆ ಮಾತೇ ಇಲ್ಲ. ಅಂದರೆ ನಿಮ್ಮ ಮಕ್ಕಳಿಗೆ ಚಿತ್ರದ ಟೀಚರ್ ಅಂತ ಇರುವುದು ನೀವೊಬ್ಬರೇ. ನನಗೆ ಇದು ಬೇಸರದ ಸಂಗತಿ. ಕೈ, ಕಣ್ಣು ಎರಡೂ ಅತ್ಯಂತ ಚುರುಕಾಗಿರುವ ವಯಸ್ಸು ಇದು. ಆರನೇ ತರಗತಿಗೆ ಬರುವಷ್ಟರಲ್ಲಿ ಅರ್ಧ ಮಕ್ಕಳು "ನಂಗ ಬರಂಗಿಲ್ಲ" ಅಂತ ತೀರ್ಮಾನ ಮಾಡಿಯೇ ನನ್ನ ಕೋಣೆಗೆ ಬರುತ್ತಿದ್ದರು.

ಮೂರನೇ ತರಗತಿಯ ಕೊನೆಗೆ ಕೆಲವರು ಈ ಮಾತು ಶುರು ಮಾಡುತ್ತಾರೆ. ನಿಜವಾದ ಎತ್ತಿನ ಹಾಗೆ ಆಗಲಿಲ್ಲ ಅಂತ ಅವರಿಗೇ ಕಾಣತೊಡಗುತ್ತದೆ. ಅವರಿಗೆ ನೆರಳಿನ ಆಟ ಕೊಡಿ. ಶನಿವಾರ ಬೆಳಗಿನ ಶಾಲೆ, ಎಂಟೂವರೆಗೆ ಅಂಗಳದಲ್ಲಿ ನೆರಳು ಉದ್ದಕ್ಕೆ ಬಿದ್ದಿರುತ್ತದೆ. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬ ನಿಲ್ಲಲಿ, ಇನ್ನೊಬ್ಬ ಅವನ ನೆರಳಿನ ಅಂಚಿಗೆ ಸೀಮೆಸುಣ್ಣ ಎಳೆಯಲಿ. ಮುಗಿಸುವಷ್ಟರಲ್ಲಿ ನೆರಳು ಗೆರೆ ಬಿಟ್ಟು ಸರಿದಿರುತ್ತದೆ. ಮಕ್ಕಳು ಕೂಗಿಕೊಂಡು ಮತ್ತೆ ಶುರು ಮಾಡುತ್ತಾರೆ. ಕುತ್ತಿಗೆ ಎಷ್ಟು ಸಣ್ಣ, ಮೊಣಕೈ ಎಲ್ಲಿ ಮಡಚುತ್ತದೆ ಅಂತ ಯಾರೂ ಹೇಳಿಕೊಡದೆ ಕಾಣುತ್ತದೆ.

ಇನ್ನು ನೀವು ಕೇಳಿದ ಆ ಒಂದು ಮಾತು, "ಟೀಚರ್, ನೀವೇ ತಗದು ತೋರಸ್ರಿ." ಮುಂದಿನ ಸಲ ಕೇಳಿದಾಗ ಬರಲ್ಲ ಅಂತಲೂ ಅನ್ನಬೇಡಿ, ತೆಗೆದೂ ಕೊಡಬೇಡಿ. "ಎತ್ತು ಹ್ಯಾಂಗ ಮಲಗತದ, ನೀನೇ ಮಾಡಿ ತೋರಿಸು" ಅನ್ನಿ. ಹುಡುಗ ಮೊದಲು ನಾಚುತ್ತಾನೆ. ಆಮೇಲೆ ಫರಸಿ ಮೇಲೆ ಎರಡೂ ಕೈ ಊರಿ, ಮೊಣಕಾಲು ಮಡಚಿ, ಕತ್ತು ಒಂದು ಕಡೆ ತಿರುಗಿಸಿ ಮಲಗಿ ಮೆಲುಕು ಹಾಕುತ್ತಾನೆ. ಉಳಿದವರು ಸುತ್ತ ಕೂತು ನೋಡಲಿ. ಮುಂಗಾಲು ಹಾಗಲ್ಲ, ಒಳಗೆ ಮಡಚತದ ಅಂತ ಯಾರೋ ಒಬ್ಬಳು ತಿದ್ದುತ್ತಾಳೆ. ಬಾಲ ಎಲ್ಲಿ ಹೋಯಿತು ಅಂತ ಇನ್ನೊಬ್ಬ ಕೇಳುತ್ತಾನೆ. ಜಗಳ ಬಿಸಿ ಏರಿದಾಗ ಸೀಮೆಸುಣ್ಣದ ಡಬ್ಬಿ ನಡುವೆ ಇಟ್ಟು ನೀವು ಹಿಂದೆ ಸರಿದು ಕೂರಿ.